ಬ್ರೇಕಿನ ಮೇಲಿನ ಕಾಲು

ಕೆಂಪು, ಇಲ್ಲ, ಕಿಟಕಿಯ ಬಿಸಿಲಿಗೆ ಹಾಗೆ ಕಾಣುತ್ತಿರಬೇಕು, ಬೆಳಗ್ಗೆ ಇಷ್ಟು ಕೆಂಪಾಗಿರಲಿಲ್ಲ ಗಂಡನ ಬಲಗಾಲಿನ ಹೆಬ್ಬೆರಳು, ಚಪ್ಪಲಿಯ ಪಟ್ಟಿ ಸೋಕಿದರೂ ಜೀವ ಹೋಗುತ್ತದೆಂದು ಬರಿಗಾಲು, ಈಗ ಅದು ಶಾಲೆಯ ವ್ಯಾನಿನ ಆಕ್ಸಿಲರೇಟರ್ ಮೇಲೆ, ಹಿಂದೆ ಹದಿನಾಲ್ಕು ಮಕ್ಕಳು — ಹತ್ತಿಸಿ ಇಳಿಸುವುದು ಅವಳ ಕೆಲಸ, ಓಡಿಸುವುದು ಅವನದು — ಮತ್ತೆ ಎಣಿಸಿದಳು, ಹದಿನಾಲ್ಕೇ. ಏನೇ, ರಸ್ತೆ ಬಿಟ್ಟು ನನ್ನ ಕಾಲೇ ನೋಡ್ತಾ ಇದ್ದೀಯಲ್ಲ, ಮದುವೆ ದಿನ ನನ್ನ ಮುಖಾನೂ ಹಿಂಗೆ ನೋಡಿರಲಿಲ್ಲ. ನೋವಿದೆಯೇನ್ರೀ? ಇಲ್ಲ ಕಣೇ. ಇಲ್ಲ ಎಂದವನ ಮೇಲ್ತುಟಿಯಲ್ಲಿ ಬೆವರು. ಯೂರಿಕ್ ಆಸಿಡ್, ಅಂದಿದ್ದರು ಡಾಕ್ಟರು, ಕೀಲಿನಲ್ಲಿ ಹರಳು ಕಟ್ಟುತ್ತದೆ, ಮಾತ್ರೆ ತಪ್ಪಿಸಬೇಡಿ, ನೀರು ಕುಡಿಸಿ, ಕಾಲಿಗೆ ವಿಶ್ರಾಂತಿ ಕೊಡಿ, ಕೊಟ್ಟಳಲ್ಲ ಐದು ದಿನ, ದಿಂಬಿನ ಮೇಲೆ ಕಾಲು, ಬಟ್ಟೆಯಲ್ಲಿ ಸುತ್ತಿದ ಐಸು, ಹೊದಿಕೆ ತಾಗದಂತೆ ಪಾದದ ಮೇಲೊಂದು ರಟ್ಟಿನ ಪೆಟ್ಟಿಗೆ, ದಿನವೂ ಬೆಳಗ್ಗೆ ಹೊಲಿಗೆಯ ಟೇಪು ಸುತ್ತಿ ಊತದ ಅಳತೆ, ಅವನು ಹಲ್ಲು ಕಚ್ಚಿಕೊಂಡೇ, ಅಂಗಿ ಹೊಲೀತೀಯೇನೇ ಇದಕ್ಕೆ — ಇವತ್ತು ಅರ್ಧ ಸೆಂಟಿಮೀಟರ್ ಕಡಿಮೆ, ಇಳಿದಿದೆ ರೀ, ಹೊರಡಿ, ಅಂದವಳು ಅವಳೇ, ಬದಲಿ ಡ್ರೈವರ್ ಎಲ್ಲಿ ಕಾಯಂ ಆಗಿಬಿಡುತ್ತಾನೋ ಎಂಬ ಹೆದರಿಕೆಗೆ ಅಂದದ್ದು, ಊತ ಅಳೆದಳು, ಒತ್ತಿಸಿ ನೋಡಲಿಲ್ಲ, ಪಾದಕ್ಕೆ ಅಂಗೈ ಕೊಟ್ಟು ಬ್ರೇಕಿನಂತೆ ಒಂದು ಸಲ ಒತ್ತಿ ಅನ್ನಬಹುದಿತ್ತು, ಅನ್ನಲಿಲ್ಲ, ಹಿಂದಿನ ತಿರುವಿನಲ್ಲಿ ಬ್ರೇಕಿಗೆ ಹಿಮ್ಮಡಿ ಕೊಟ್ಟನಲ್ಲ, ಹಿಮ್ಮಡಿ — ನಿಲ್ಸಿ, ಶಾಲೆಗೆ ಫೋನ್ ಮಾಡ್ತೀನಿ, ಬೇರೆಯವರನ್ನ ಕಳಿಸ್ಲಿ. ಸುಮ್ನಿರೇ, ಮಕ್ಕಳು ಹೆದರ್ಕೊಳ್ತಾರೆ, ಇನ್ನೆರಡೇ ತಿರುವು. ಇಳಿಜಾರು, ಕೆಳಗೆ ಸಿಗ್ನಲ್, ಹಸಿರು, ಹಸಿರಾಗಿಯೇ ಇರಲಿ, ಹಳದಿ, ದಾಟಲು ನಿಂತ ಮುದುಕಿ ರಸ್ತೆಗೆ ಒಂದು ಹೆಜ್ಜೆ ಇಟ್ಟಳು, ಅವನ ಕಾಲು ಬ್ರೇಕಿಗೆ ಬಂತು, ತಾಗಿತು, ಸುಟ್ಟುಕೊಂಡಂತೆ ತಾನೇ ಮೇಲಕ್ಕೆದ್ದಿತು — ಹ್ಯಾಂಡ್‌ಬ್ರೇಕ್, ಎರಡೂ ಕೈಯಲ್ಲಿ ಅವಳೇ ಎಳೆದಳು, ಟೈರು ಕಿರುಚಿತು, ಬ್ಯಾಗುಗಳು ಉರುಳಿದವು, ಎಂಜಿನ್ ಒದ್ದಾಡಿ ಆಫಾಯಿತು, ನಿಂತಿತು, ಮುದುಕಿ ಬೈಯುತ್ತಾ ದಾಟಿದಳು, ಹದಿನಾಲ್ಕು, ಎಲ್ಲರೂ ಇದ್ದಾರೆ, ನಗುತ್ತಿದ್ದಾರೆ, ಆಂಟಿ ಇನ್ನೊಂದ್ಸಲ, ಇನ್ನೊಂದ್ಸಲ, ಅವನು ಸ್ಟೀರಿಂಗಿಗೆ ಹಣೆಯಿಟ್ಟು ಹೇಳುತ್ತಿದ್ದಾನೆ, ಮಾಡೇ, ಫೋನ್ ಮಾಡು, ಹೇಳ್ಬಿಡು, ಮಾಡಬೇಕು, ಅವಳ ಕೈ ಹ್ಯಾಂಡ್‌ಬ್ರೇಕ್ ಬಿಡುತ್ತಿಲ್ಲ, ವ್ಯಾನು ನಿಂತಿದೆ, ನಿಂತಿದೆ, ಆದರೂ ಆ ಕಾಲು, ಪೆಡಲಿನ ಮೇಲೆ, ತಾಗದೆ, ಗಾಳಿಯಲ್ಲಿ, ಆ ಕಾಲು.