ಹೊಸ ಸರ್ವರಿನ ಮೊದಲ ಪೂಜೆ

ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ಹಳೆಯ ಸರ್ವರು ಕಟಕಟ ಎನ್ನತೊಡಗಿತು. ಫ್ಯಾನಿನ ಸದ್ದಿರಬೇಕೆಂದು ನಾಜಮೀನ ಅದನ್ನು ಬಿಚ್ಚಿ, ಧೂಳು ಒರೆಸಿ, ಮತ್ತೆ ಕೂಡಿಸಿದಳು. ಸದ್ದು ಹೋಗಲಿಲ್ಲ. ಅದು ಡಿಸ್ಕಿನ ಒಳಗಿನಿಂದ ಬರುತ್ತಿತ್ತು. ಅಂದಿನಿಂದ ಅವಳು ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಕಿವಿಗೊಡುತ್ತಿದ್ದಳು. ಕಟಕಟ ಕೇಳಿಸಿದರೆ ಇನ್ನೂ ಜೀವ ಇದೆ ಎಂದು ಒಳಗೆ ಹೋಗುತ್ತಿದ್ದಳು.

ಗಜೇಂದ್ರಗಡದ ಕಳಕಪ್ಪನವರು ಕೈಮಗ್ಗದ ಸೀರೆ ನೇಯಿಸಿ ಮಾರುವವರು. ರೋಣದಲ್ಲೊಂದು, ನರಗುಂದದಲ್ಲೊಂದು ಅವರ ಅಂಗಡಿ. ಧಾರವಾಡದಲ್ಲಿ ಎಂಸಿಎ ಮುಗಿಸಿ ಬಂದ ನಾಜಮೀನಳಿಗೆ ಮೂರೂ ಊರಿನ ಕಂಪ್ಯೂಟರುಗಳ ಹೊಣೆ. ಗಜೇಂದ್ರಗಡದಲ್ಲಿ ಅವರ ಮನೆಯಲ್ಲೇ ಇದ್ದ ಕಚೇರಿಯ ಹಿಂದಿನ ಕೋಣೆಯಲ್ಲಿ ಮೂರು ಸರ್ವರುಗಳಿದ್ದವು. ಒಂದರಲ್ಲಿ ಲೆಕ್ಕಪತ್ರ, ಇನ್ನೊಂದರಲ್ಲಿ ಅಂಗಡಿಗಳ ಮಾಲು ಮತ್ತು ಬಿಲ್ಲು. ಕಟಕಟ ಎನ್ನುತ್ತಿದ್ದ ಮೂರನೆಯದರಲ್ಲಿ ಡಿಸೈನು.

ಡಿಸೈನು ಎಂದರೆ ಸೀರೆಯ ಅಂಚಿನ ದಡಿ ಮತ್ತು ಸೆರಗು. ನಕ್ಷೆಗಾರ ದಾದಾಪೀರ ಸವಡಿ, ಇಟಗಿ, ಮೆಣಸಗಿ ಎಂದು ಊರೂರು ತಿರುಗಿ, ಮುದುಕಿಯರ ಟ್ರಂಕಿನ ತಳದಿಂದ ಹಳೆಯ ಸೀರೆ ಕೇಳಿ ತಂದು, ಅವುಗಳ ಒಂದೊಂದು ಎಳೆಯನ್ನೂ ಚೌಕಚೌಕವಾಗಿ ಕಂಪ್ಯೂಟರಿಗೆ ಇಳಿಸಿದ್ದ. ಆ ಚೌಕಗಳನ್ನು ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಕೊಡುತ್ತಿದ್ದರು. ತಂದ ಸೀರೆಗಳನ್ನು ಮನೆಗಳಿಗೆ ವಾಪಸು ಮುಟ್ಟಿಸಿಯಾಗಿತ್ತು. ಅವುಗಳಲ್ಲಿ ಎಷ್ಟೋ ಆಮೇಲೆ ಹರಿದು ಕೌದಿಯಾಗಿದ್ದವು. ನಾಜಮೀನಳ ಅತ್ತೆ ಹಸನಬಿಯ ಮದುವೆ ಸೀರೆಯೂ ಹಾಗೇ ಆಗಿತ್ತು. ನಾಜಮೀನ ದಿನಾ ಹೊದೆಯುವ ಕೌದಿಯಲ್ಲಿ ಅದರ ದಡಿ ಒಂದು ಗೇಣು ಉಳಿದಿತ್ತು. ಒಂದು ಗೇಣು ನೋಡಿ ಪೂರ್ತಿ ಸೆರಗು ಬರೆಯಲು ಯಾರಿಂದಲೂ ಆಗದು.

ಆ ಡಿಸೈನಿನ ಪ್ರೋಗ್ರಾಮು ಮಾಡಿದ ಕಂಪನಿ ಯಾವಾಗಲೋ ಬಾಗಿಲು ಹಾಕಿತ್ತು. ಪ್ರೋಗ್ರಾಮಿಗೆ ಹಿಂದುಗಡೆ ಸಿಕ್ಕಿಸುವ ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ಲಾಕು ಬೇಕು. ಪ್ರೋಗ್ರಾಮನ್ನೂ ಆ ಕಂಪ್ಯೂಟರಿನ ಒಳವ್ಯವಸ್ಥೆ ಬಿಟ್ಟು ಬೇರೆಡೆ ನಡೆಯದಂತೆ ಕಟ್ಟಿದ್ದರು. ನಾಜಮೀನ ಫೈಲುಗಳನ್ನು ಸಿಡಿಗೆ ಇಳಿಸಿಟ್ಟಿದ್ದಳು. ಅವು ಬೇರೆಲ್ಲೂ ತೆರೆಯುತ್ತಿರಲಿಲ್ಲ. ಉಳಿಸುವುದಾದರೆ ಇಡೀ ಸರ್ವರನ್ನೇ, ಇದ್ದದ್ದು ಇದ್ದ ಹಾಗೆ, ಎತ್ತಿ ಬೇರೆಡೆ ಇಡಬೇಕು.

ಅದಕ್ಕೇ ಕಳಕಪ್ಪನವರು ಹೊಸದೊಂದು ದೊಡ್ಡ ಸರ್ವರು ತರಿಸಿದ್ದರು.

"ಮೂರೂ ಇದರಾಗ ಕುಂದ್ರತಾವಂತಿ. ತಮ್ಮತಮ್ಮಾಗ ಜಗಳಾಡಂಗಿಲ್ಲೇನ?" ಎಂದು ಕೇಳಿದರು.

"ಇಲ್ರಿ ಸಾವಕಾರ್ರ. ನಡುವ ಗ್ವಾಡಿ ಕಟ್ಟೋ ಸಾಫ್ಟವೇರ್ ಬರತೈತ್ರಿ. ಪ್ರತಿಯೊಂದಕ್ಕೂ ಈ ಮನಿ ಪೂರಾ ನಂದಾ ಅನಸ್ತೈತ್ರಿ."

"ಅಂಥಾದ್ದು ಐತಿ ಅಂತ ಮೊದಲ ಗೊತ್ತಿದ್ದರ ನಮ್ಮ ಅಣ್ಣತಮ್ಮರ ನಡುವನೂ ಒಂದ ಹಾಕಸ್ತಿದ್ದೆ" ಎಂದು ನಕ್ಕರು. ನಕ್ಕು, "ಯಾವದು ಹಾಕೋದು ನೀ ನೋಡು. ನೀ ಅಂದದ್ದಾ ಆಖೈರು" ಎಂದು ಎದ್ದುಹೋದರು. ಆ ಮಾತು ನಾಜಮೀನಳ ಎದೆಯ ಮೇಲೆ ಕೂತುಬಿಟ್ಟಿತು.

ಆಯ್ಕೆಗೆ ಅಂಥ ಸಾಫ್ಟವೇರು ಎರಡಿದ್ದವು. ಒಂದು ಹುಬ್ಬಳ್ಳಿಯ ಏಜೆಂಟ್ ಶರತ ತೋರಿಸಿದ್ದು. ಅದಕ್ಕೆ ಲೈಸೆನ್ಸು, ವರ್ಷದ ಕರಾರು, ಫೋನು ಮಾಡಿದರೆ ಎತ್ತುವ ಮನುಷ್ಯ, ಎಲ್ಲವೂ ಇದ್ದವು. ಇನ್ನೊಂದು ಇಂಟರ್ನೆಟ್ಟಿನಿಂದ ಪುಕ್ಕಟೆ ಇಳಿಸಿಕೊಳ್ಳುವಂಥದು. ಅದರ ಹಿಂದೆ ಯಾರೂ ಇರಲಿಲ್ಲ.

"ಎಲ್ಲಾ ಬಿದ್ದು ಕುಂತ ದಿನಾ ಯಾರಿಗೆ ಫೋನ್ ಹಚ್ಚತೀರಿ ಮೇಡಂ? ಇಂಟರ್ನೆಟ್ಟಿಗೇನ?" ಎಂದಿದ್ದ ಶರತ.

ಆದರೆ ಶರತನ ಪದ್ಧತಿಯಲ್ಲಿ ಹಳೆಯ ಸರ್ವರನ್ನು ಮೊದಲು ಗುಂಡಿ ಒತ್ತಿ ಆರಿಸಬೇಕಿತ್ತು. ಆರಿಸಿ, ಸಿಡಿಯಿಂದ ಎಬ್ಬಿಸಿ, ಶಾಂತವಾಗಿರುವ ಡಿಸ್ಕನ್ನು ನಕಲು ತೆಗೆಯುವುದು. ಪುಕ್ಕಟೆಯದು ನಡೆಯುತ್ತಿರುವ ಸರ್ವರನ್ನು ನಡೆಯುತ್ತಿರುವಾಗಲೇ ನಕಲು ಮಾಡುತ್ತಿತ್ತು.

"ಓಡೋ ಬಸ್ಸಿನಿಂದ ಸಾಮಾನ ಇಳಸಿದಂಗ ಆತದು. ಅರ್ಧಾ ರಸ್ತೇದಾಗ ಚೆಲ್ಲತೈತಿ" ಎಂದ ಶರತ.

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೂ ಗೊತ್ತು. ಆದರೆ ಹೋದ ವರ್ಷದ ನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಅವಳ ಕಣ್ಣ ಮುಂದಿತ್ತು. ಹಬ್ಬಕ್ಕೆಂದು ಆರಿಸಿದ ಹಳೆಯ ಸರ್ವರು ಮರುದಿನ ಏಳಲಿಲ್ಲ. ಮತ್ತೆ ಮತ್ತೆ ಗುಂಡಿ ಒತ್ತಿದ ಮೇಲೆ ಹೇಗೋ ಎದ್ದಿತ್ತು. ಆಗ ಅದಕ್ಕೆ ಈ ಕಟಕಟ ಇರಲಿಲ್ಲ. ಈಗ ಒಮ್ಮೆ ನಿಂತರೆ ಡಿಸ್ಕು ಮತ್ತೆ ತಿರುಗುತ್ತದೆಂದು ಯಾವ ಸಾಫ್ಟವೇರೂ ಮಾತು ಕೊಡಲಾರದು.

ಅವಳು ಪುಕ್ಕಟೆಯದನ್ನು ಆಯ್ದುಕೊಂಡಳು. ರಂಜಾನಿನ ವಾರದಲ್ಲಿ ಲೆಕ್ಕದ ಸರ್ವರನ್ನೂ ಬಿಲ್ಲಿನ ಸರ್ವರನ್ನೂ ಹೊಸದಕ್ಕೆ ಸಾಗಿಸಿದಳು. ಹಬ್ಬದ ದಿನ ಅತ್ತೆ ಬಡಿಸಿದ ಸುರಕುಂಬಾ ಪಾಯಸ ಬಟ್ಟಲಲ್ಲೇ ಆರಿತು. ಎರಡೂ ಸುಸೂತ್ರವಾಗಿ ಬಂದವು. ರೋಣ, ನರಗುಂದದ ಅಂಗಡಿಯವರಿಗೆ ಏನು ಬದಲಾಯಿತೆಂದೇ ತಿಳಿಯಲಿಲ್ಲ. ಉಳಿದದ್ದು ಡಿಸೈನು. ಅದಕ್ಕೆ ನವಮಿಯ ಭಾನುವಾರ ಗೊತ್ತುಮಾಡಿದಳು. ಅಂದು ಕಚೇರಿಯಲ್ಲಿ ಕೆಲಸವಿರುವುದಿಲ್ಲ, ಡಿಸ್ಕಿಗೂ ಎಳೆದಾಟ ಕಡಿಮೆ.

ಅಡ್ಡ ಬಂದವರು ಕಳಕಪ್ಪನವರ ತಾಯಿ ಶಂಕ್ರವ್ವ. ಹಿಂದಿನ ಸಂಜೆ ಊದುಬತ್ತಿಯ ಕಟ್ಟು ಹಿಡಿದು ಬಂದವರು, "ನಾಳಿ ಎಲ್ಲಾ ಮಶೀನು ಆರಿಸಿ ಇಡವ್ವಾ. ದುಡಿಯೋದಕ್ಕ ಒಂದ ದಿನಾ ದಮ್ಮು ಬ್ಯಾಡೇನ?" ಎಂದರು.

"ಅಮ್ಮಾರ, ಹಳೇದೊಂದನ್ನ ಆರಸಬ್ಯಾಡ್ರಿ. ಅದಕ್ಕ ಆರಾಮಿಲ್ರಿ. ಆರಿಸಿದರ ಏಳಂಗಿಲ್ರಿ."

ಶಂಕ್ರವ್ವ ಸರ್ವರಿಗೆ ಕಿವಿ ಹಚ್ಚಿ ಕೇಳಿದರು. ಮುಖ ಸಣ್ಣದಾಯಿತು. "ಖರೇ ಐತಲ್ಲಬೇ. ದಮ್ಮಿನ ರೋಗ ಬಂದಂಗ ಆಗೈತಿ. ಆತು, ದವಾಖಾನ್ಯಾಗ ಇದ್ದವರಿಗೆ ಉಪಾಸ ಇಲ್ಲ. ನಿಮ್ಮ ರೋಜಾದಾಗೂ ಹಂಗಾ ಅಲ್ಲ?"

"ಹೌದ್ರಿ ಅಮ್ಮಾರ" ಎಂದಳು ನಾಜಮೀನ. ವಾರದ ನಂತರ ಮೊದಲ ಬಾರಿ ಅವಳಿಗೆ ನಗು ಬಂತು.

ಭಾನುವಾರ ಬೆಳಿಗ್ಗೆ ಬೇಗ ನಕಲು ಶುರುಮಾಡಿದಳು. ಅವಳ ಮೇಜಿನ ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಕಟಕಟ ಜೋರಾಯಿತು. ಅವಳು ಕುರ್ಚಿಯ ತುದಿಯಲ್ಲಿ ಕೂತು ಪಟ್ಟಿಯನ್ನೂ ಸದ್ದನ್ನೂ ಒಟ್ಟಿಗೆ ಕಾದಳು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮುಕ್ಕಾಲು ದಾಟಿತು. ಹೊರಗೆ ಕಳಕಪ್ಪನವರು ಮಗ್ಗಗಳ ಪೂಜೆ ಮುಗಿಸಿ ಕಾಯಿ ಒಡೆಯುವ ಸದ್ದು ಕೇಳಿಸಿತು. ಬೆಳಗಿನಿಂದ ನೀರೂ ಕುಡಿದಿಲ್ಲವೆಂಬುದು ನೆನಪಾಗಿ ಅವಳು ಹಿತ್ತಲಿನ ನಲ್ಲಿಗೆ ಹೋದಳು. ಮುಖಕ್ಕೆ ನೀರು ಹಾಕಿಕೊಂಡು ಬಂದಳು. ಅಷ್ಟೇ.

ಕೋಣೆಯಲ್ಲಿ ಕಟಕಟ ಕೇಳುತ್ತಿತ್ತು. ಆದರೆ ಬೇರೇನೋ ಇರಲಿಲ್ಲ. ಹೊಸ ಸರ್ವರಿನ ಗುಂಯ್ ಎನ್ನುವ ಸದ್ದು ನಿಂತಿತ್ತು. ಅದರ ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂ. ತೆರೆಯ ಮೇಲೆ ಹಸಿರು ಪಟ್ಟಿ ಇದ್ದಲ್ಲಿ ಕೆಂಪು ಅಕ್ಷರದ ಒಂದು ಸಾಲು.

"ಹಳೇದು ಮುಟ್ಟಿಲ್ಲ ನೋಡವಾ" ಎಂದರು ಕಳಕಪ್ಪನವರು, ಆರತಿ ತಟ್ಟೆ ಹಿಡಿದು, ಹೆಮ್ಮೆಯಿಂದ. "ನೀ ಹೇಳಿದಂಗ ಬಿಟ್ಟೀವಿ."

"ಹೊಸದು... ಹೊಸದನ್ನ ಯಾರ ಆರಿಸಿದ್ರಿ?"

"ನಾನಾ" ಎಂದರು ಶಂಕ್ರವ್ವ. "ಹೊಸಾ ಸಾಮಾನ, ಇನ್ನಾ ಒಂದ ಪೂಜಿ ಕಂಡಿಲ್ಲ. ಅದಕ್ಕೇನ ಬ್ಯಾನಿ? ಗುಂಡಕಲ್ಲಿನಂಗ ಐತಿ. ಪೂಜಿ ಆಗೋತನಾ ಸುಮ್ಮನ ಕುಂದರ್ಲಿ ಅಂತ ಆರಿಸಿದೆ."

ನಾಜಮೀನ ಕೆಂಪು ಸಾಲನ್ನು ಓದಿದಳು. ತಪ್ಪು ಅವರದಲ್ಲ. ರೋಗಿಷ್ಟನ ಬಗ್ಗೆ ಅಷ್ಟು ಹೇಳಿದವಳು, ಗಟ್ಟಿಮುಟ್ಟಾದದ್ದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಆಗಲೇ ಫೋನು ರಿಂಗಾಯಿತು. ನರಗುಂದದ ಅಂಗಡಿಯ ಮೋದಿನಸಾಬ. "ನಾಜಮೀನಬಾಯಿ, ಬಿಲ್ಲಾ ಬರವಲ್ದು! ಅಂಗಡಿ ತುಂಬ ಹೆಣ್ಣಮಕ್ಕಳು ಕುಂತಾರ, ಒಬ್ಬಾಕಿ ನನ್ನ ಕೊಳ್ಳಪಟ್ಟಿ ಹಿಡಿಯೋದೊಂದ ಬಾಕಿ ಐತಿ!" ಅದನ್ನು ಇಡುವಷ್ಟರಲ್ಲಿ ರೋಣದ ಫೋನು. ಮೊದಲು ಮೂರು ಪೆಟ್ಟಿಗೆಗೆ ಮೂರು ಗುಂಡಿಗಳಿದ್ದವು. ಈಗ ಒಂದು ಗುಂಡಿ ಒತ್ತಿದರೆ ಮೂರೂ ಊರು ಕತ್ತಲೆ. ಹಾಗೆ ಮೂರನ್ನೂ ಒಂದಾಗಿಸಿದವಳು ಅವಳೇ.

ಕಳಕಪ್ಪನವರು ಆರತಿ ತಟ್ಟೆ ಕೆಳಗಿಟ್ಟರು. "ಹೋತೇನವಾ ಎಲ್ಲಾ?"

"ತಡೀರಿ ಸಾವಕಾರ್ರ."

ಹೊಸ ಸರ್ವರಿನ ಗುಂಡಿ ಒತ್ತಿದಳು. ಅದು ಎಬ್ಬಿಸಿದ ಕೂಸಿನಂತೆ ನಿಧಾನವಾಗಿ ಎದ್ದಿತು. ಲೆಕ್ಕ ಬಂತು. ಬಿಲ್ಲು ಬಂತು. ನರಗುಂದಕ್ಕೆ ಫೋನು ಮಾಡಿದಾಗ, "ಬಂತು, ಬಂತು, ಇಡು" ಎಂದು ಮೋದಿನಸಾಬ ಗದ್ದಲದಲ್ಲೇ ಕೂಗಿದ. ಆದರೆ ಡಿಸೈನಿನ ನಕಲು ತುಂಡಾಗಿತ್ತು. ಮುಕ್ಕಾಲು ನಕಲು ಎಂದರೆ ಏನೂ ಅಲ್ಲ. ಅದನ್ನು ಅಳಿಸಿ ಮೊದಲಿನಿಂದ ಶುರುಮಾಡಬೇಕು. ಇಡೀ ಡಿಸ್ಕನ್ನು ಇನ್ನೊಮ್ಮೆ ಓದಿಸಬೇಕು. ಕಟಕಟ ಈಗ ಬೆಳಗಿನದಕ್ಕಿಂತ ಒತ್ತಾಗಿತ್ತು.

ಅವಳು ಶರತನಿಗೆ ಫೋನು ಮಾಡಿದಳು. ಅವನು ಈ ಸಲ ಚೇಷ್ಟೆ ಮಾಡಲಿಲ್ಲ. "ಎರಡನೇ ಸಲ ಓಡಸಬ್ಯಾಡ್ರಿ ಮೇಡಂ. ಓಡಸೂಮುಂದನ ಡಿಸ್ಕು ಹೋದರ ಯಾರ ಕೈಲೂ ಆಗಂಗಿಲ್ಲ. ಈಗ ಆರಿಸಿ ಇಡ್ರಿ. ನಾಡದ ನಾ ಬರ್ತೀನಿ, ಶಿಸ್ತಾಗಿ ತಗದ ಕೊಡ್ತೀನಿ."

"ಆರಿಸಿದ ಮ್ಯಾಲ ಅದು ಏಳದಿದ್ದರ?"

"ಅದನ್ನ ನಾ ಹ್ಯಾಂಗ ಹೇಳ್ಲಿ?"

ಫೋನು ಇಟ್ಟಳು. ಓಡಿಸಿದರೆ ಹೋಗಬಹುದು, ನಿಲ್ಲಿಸಿದರೆ ಏಳದಿರಬಹುದು. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ತೂಗಲು ತಕ್ಕಡಿ ಇರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. ಈ ಗಳಿಗೆಯಲ್ಲಿ ಅದು ತಿರುಗುತ್ತಿದೆ. ನಾಡಿದ್ದಿನದು ಯಾರಿಗೂ ಗೊತ್ತಿಲ್ಲ.

ಮತ್ತೆ ಶುರುಮಾಡಿದಳು.

ಕಳಕಪ್ಪನವರು ಪಡಸಾಲೆಯಲ್ಲಿ ಹಿಂದೆ ಮುಂದೆ ಓಡಾಡಿದರು. ಸುದ್ದಿ ತಿಳಿದು ಬಂದ ದಾದಾಪೀರ ಕಟ್ಟೆಯ ಮೇಲೆ ಕೂತು, ಬೆರಳಿನಿಂದ ನೆಲದ ಮೇಲೆ ಚೌಕ ಬರೆಯುತ್ತಿದ್ದ, ಅಳಿಸುತ್ತಿದ್ದ. ಶಂಕ್ರವ್ವ ಕೋಣೆಯ ಹೊಸ್ತಿಲಿಗೆ ಅಡ್ಡ ಕೂತುಬಿಟ್ಟರು. ಮೊಮ್ಮಗಳು ಊಟಕ್ಕೆ ಕರೆದಾಗ, "ಒಬ್ಬರೂ ಒಳಗ ಕಾಲಿಡಬ್ಯಾಡ್ರಿ. ಕೈ ಸುಮ್ಮನಿರಂಗಿಲ್ಲ ಈ ಮನಿಮಂದೀದು" ಎಂದು ಗದರಿದರು. ತಮ್ಮ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು.

ಹೊತ್ತು ಇಳಿಯುವಾಗ ಹಸಿರು ಪಟ್ಟಿ ನಿಂತಿತು. ಕಟಕಟ ಕಡಕಡ ಆಯಿತು. ಡಿಸ್ಕು ಒಂದೇ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತಿದೆ ಎಂದು ಅವಳಿಗೆ ಗೊತ್ತಾಯಿತು. ಮೌಸ್ ಹಿಡಿದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಯಾವ ಗುಂಡಿ ಒತ್ತಿದರೂ ಕೆಡುತ್ತದೆ. ಕೌದಿಯ ಆ ಒಂದು ಗೇಣು ದಡಿ ಕಣ್ಣಿಗೆ ಕಟ್ಟಿತು. ಮಸಕು ಕೆಂಪು, ನಡುವೆ ಹಲ್ಲಿನ ಸಾಲಿನಂಥ ಬಿಳಿ ನಕ್ಷೆ.

ಆಮೇಲೆ ಪಟ್ಟಿ ಒಂದು ಕೂದಲೆಳೆ ಸರಿಯಿತು. ನಿಂತಿತು. ಮತ್ತೆ ಸರಿಯಿತು.

ಮುಗಿಯುವ ಹೊತ್ತಿಗೆ ದೀಪ ಹಚ್ಚಿದ್ದರು. ನಾಜಮೀನ ಹಳೆಯದರ ಬೆನ್ನಿನಿಂದ ಲಾಕನ್ನು ಕಿತ್ತು ಹೊಸದಕ್ಕೆ ಸಿಕ್ಕಿಸಿದಳು. ಲಾಕು ಕೂರುವ ಆ ಹಳೆಯ ಕಾಲದ ತೂತು ಇರುವ ಸರ್ವರೇ ಬೇಕೆಂದು ಹಟ ಹಿಡಿದು ತರಿಸಿದ್ದವಳು ಅವಳೇ. ನಕಲನ್ನು ಎಬ್ಬಿಸಿದಳು. ಪ್ರೋಗ್ರಾಮು ಸ್ವಲ್ಪ ಯೋಚಿಸಿತು. ತೆರೆಯಿತು.

"ದಾದಾಪೀರಣ್ಣ, ಬರ್ರಿ."

ಅವನು ಮೊದಲು ತೆರೆದದ್ದು ಹಸನಬಿಯ ಸೆರಗು. ಚೌಕ ಚೌಕವಾಗಿ, ಮೇಲಿನಿಂದ ಕೆಳಗಿನವರೆಗೆ, ಒಂದು ಎಳೆಯೂ ತಪ್ಪದೆ ಬಂತು. ಅವನು ಇನ್ನೊಂದು ತೆರೆದ, ಮತ್ತೊಂದು ತೆರೆದ. ಯಾವುದಾದರೂ ಹರಿದಿರುತ್ತದೆಂದು ಅವಳು ಕಾಯುತ್ತಲೇ ಇದ್ದಳು. ಆಗ ದಾದಾಪೀರ, "ಸಾಕಲ್ಲವಾ" ಎಂದ. "ಬ್ಯಾಡಣ್ಣ, ಎಲ್ಲಾ ತಗೀರಿ" ಎಂದಳು. ಎಲ್ಲವನ್ನೂ ತೆಗೆಸಿದಳು.

ಶಂಕ್ರವ್ವ ಹೊಸ್ತಿಲಿಂದ ಎದ್ದರು. ಸೊಂಟ ಹಿಡಿದಿತ್ತು. ಹಳೆಯ ಸರ್ವರಿನ ಮುಂದೆ ನಿಂತು ಕೇಳಿದರು, "ಈಗರ ಇದನ್ನ ಆರಿಸಲೇನ ನಾಜಮ್ಮಾ?"

"ಆರಸ್ರಿ ಅಮ್ಮಾರ."

ಅವರು ಅದಕ್ಕೆ ವಿಭೂತಿ ಹಚ್ಚಿದರು, ಊದುಬತ್ತಿ ಬೆಳಗಿದರು, ಆಮೇಲೆ ಗುಂಡಿ ಒತ್ತಿದರು. ಕಟಕಟ ಇನ್ನೆರಡು ಸಲ ಎಂದು ನಿಂತಿತು.

"ತಿರಗ ಏಳತೈತೇನ ನೋಡೂಣೇನ?" ಎಂದರು ಕಳಕಪ್ಪನವರು, ಮೆಲ್ಲಗೆ.

"ಬ್ಯಾಡ್ರಿ" ಎಂದಳು.

ಎಲ್ಲರೂ ಹೋದ ಮೇಲೂ ಅವಳು ಕೋಣೆಯಲ್ಲಿ ನಿಂತಿದ್ದಳು. ಹೊಸ ಸರ್ವರಿನ ಗುಂಡಿಯ ಮೇಲೆ ರಟ್ಟಿನ ತುಂಡೊಂದನ್ನು ಅಂಟಿಸಿದ್ದಳು. ಡಿಸೈನಿನ ಇನ್ನೊಂದು ನಕಲನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಿದ್ದಳು. ಇನ್ನು ಮುಂದೆ ಯಾವಾಗಲೂ ಒಂದು ನಕಲು ಈ ಮನೆಯ ಹೊರಗೆ ಇರಬೇಕು ಎಂದು ಗಟ್ಟಿಮಾಡಿಕೊಂಡಿದ್ದಳು. ಹೊರಗೆ ಗುಡ್ಡದ ಕಡೆ ಮೋಡ ಕಟ್ಟಿತ್ತು.

ಹೊಸ ಸರ್ವರಿನ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಹಳೆಯದು ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತಿತ್ತು, ಕೇಳುವ ಕಿವಿ ಇದ್ದರೆ ಸಾಕಿತ್ತು. ಇದು ಏನೂ ಹೇಳುತ್ತಿರಲಿಲ್ಲ. ಮೂರೂ ಅದರೊಳಗಿದ್ದವು. ಅವಳು ಬಗ್ಗಿ ಕಿವಿ ಹಚ್ಚಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು.