ಹಲಗೆಗೆ ಅಂಟಿಸಿದ್ದು

ರೇಖಾಳ ನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಕಬ್ಬಿನ ಹೊರೆ ತಿಂದ ಜಾಗ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ ಕಡಿಯುತ್ತಾನೆ. ಹೆಂಡತಿ ಕಟ್ಟಿ, ಹೊತ್ತು, ಏಣಿ ಹತ್ತಿ ಲಾರಿಗೆ ಒಗೆಯುತ್ತಾಳೆ. ಇಬ್ಬರೂ ಸೇರಿ ಒಂದು ಜೋಡಿ. ಹೆಂಡತಿ ಬಸುರಾದರೆ ಜೋಡಿ ಒಡೆಯಿತು.

ಅದಕ್ಕೇ ಈ ಸಲ ದೀಪಾವಳಿಗೆ ಮೊದಲೇ ಗ್ಯಾಂಗಿನ ಮೇಸ್ತ್ರಿ ಶಿವಯೋಗಪ್ಪನಿಗೆ ನಮ್ಮ ಓಣಿಯ ಹೆಂಗಸರ ಆರೋಗ್ಯದ ಮೇಲೆ ಕಾಳಜಿ ಬಂತು. ತೆಲಿಗಿಗೆ ಹೋಗುವ ಬಸ್ಸಿಗೂ ಕಾಯಿಸದೆ, ಗಂಡಂದಿರ ಸಮೇತ ಟೆಂಪೋದಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಕರೆತಂದ. ಪಕ್ಕದ ಮನೆಯ ರೇಖಾ ನನ್ನನ್ನೂ ಎಳೆದು ತಂದಳು. "ನೀ ಡಿಗ್ರಿ ಓದೀಯಲ್ಲವ್ವ, ಅಲ್ಲಿ ಬರದದ್ದು ಓದಿ ಹೇಳು."

ಗೋಡೆಯ ಹಲಗೆಯ ಮೇಲೆ ಬರೆದಿತ್ತು: ನಿಮ್ಮ ಅಗತ್ಯಕ್ಕೆ ತಕ್ಕದ್ದನ್ನು ನೀವೇ ಆರಿಸಿಕೊಳ್ಳಿ. ಕೆಳಗೆ ಗುಳಿಗೆ, ಇಂಜೆಕ್ಷನ್, ಕಾಪರ್-ಟಿ, ಗಂಡಸರ ಆಪರೇಷನ್ನಿನ ಚಿತ್ರ. ಒಂದೊಂದಾಗಿ ಓದುತ್ತ ನಿರೋಧ್‌ಗೆ ಬಂದಾಗ ನನ್ನ ದನಿ ಇಳಿಯಿತು.

"ಜೋರಾಗಿ ಓದಲೇ, ಅದೇನ್ ಕಚ್ಚತೈತಾ?" ಎಂದಳು ಗ್ಯಾಂಗಿನ ಗಾಳೆಮ್ಮ.

ರೇಖಾ ನರ್ಸಮ್ಮನ ಮುಂದೆ ನಿಂತಳು. "ನಂಗ ಒಬ್ಬಾಕಿ ಮಗಳದಾಳ್ರಿ. ಇನ್ನೊಂದು ಬೇಕು, ಈಗ ಬ್ಯಾಡ. ಕಾಪರ್-ಟಿ ಹಾಕ್ರಿ."

"ಸ್ಟಾಕಿಲ್ಲ."

"ಇಂಜೆಕ್ಷನ್ನು?"

"ಅದೂ ಇಲ್ಲ."

"ಗುಳಿಗಿ ಕೊಡ್ರಿ ಮತ್ತ."

"ಕಬ್ಬಿನಾಗ ಮರೀತೀರಿ ನೀವು."

"ಹಂಗಾರ ಹಲಗಿ ಮ್ಯಾಲ ಇವೆಲ್ಲ ಯಾಕದಾವ್ರಿ?"

"ತೋರ್ಸಾಕ ಅಂಟಿಸೀವಿ. ಸುಮ್ನ ಆಪರೇಷನ್ ಮಾಡಿಸ್ಕ. ನಂದು ಟಾರ್ಗೆಟ್ ಮುಗಿದಿಲ್ಲ."

ಅಗತ್ಯ ಯಾರದು ಎಂಬುದನ್ನಷ್ಟೇ ಹಲಗೆಯವರು ಬರೆಯಲು ಮರೆತಿದ್ದರು.

ಗಾಳೆಮ್ಮ ಮುಂದೆ ಬಂದಳು. "ನಂಗ ಮೂರಾಗ್ಯಾವ, ಸಾಕು. ಆದ್ರ ನಮ್ಮನಿಯವಗ ಮಾಡ್ರಿ. ಗಂಡಸ್ರದು ಸಣ್ಣ ಆಪರೇಷನ್ನಂತ."

ಶಿವಯೋಗಪ್ಪ ಹೌಹಾರಿದ. "ಏ ಹುಚ್ಚಿ! ಗಂಡಸಿನ ಶಕ್ತಿ ಹೋಗತೈತಿ. ಆಮ್ಯಾಲ ಹೊರಿ ಎತ್ತಾಕ ಆಗಂಗಿಲ್ಲ."

"ಅಂವ ಯಾವಾಗ ಎತ್ಯಾನ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿದ್ದ ಅವಳ ಗಂಡ ಹುಲುಗೇಶ ಬೀಡಿ ಹಚ್ಚುವ ನೆವದಲ್ಲಿ ಟೆಂಪೋ ಹಿಂದೆ ಸರಿದ.

ಶಿವಯೋಗಪ್ಪ ನಗಲಿಲ್ಲ. "ಆಪರೇಷನ್ ಆಗದಾಕಿ ನನ್ನ ಗ್ಯಾಂಗಿಗೆ ಬ್ಯಾಡ."

ರೇಖಾ ಹೊಸ್ತಿಲ ಮೇಲೇ ಕೂತುಬಿಟ್ಟಳು. "ಆತು ಬಿಡ್ರಿ. ಗಂಡಸ್ರನ್ನಷ್ಟ ಕರ್ಕೊಂಡು ಹೋಗ್ರಿ. ಕಬ್ಬು ತಾನ ಏಣಿ ಹತ್ತತೈತಿ."

ಪಕ್ಕದಲ್ಲಿ ಗಾಳೆಮ್ಮ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನನಗೂ ಜಾಗ ಬಿಟ್ಟರು.

ಶಿವಯೋಗಪ್ಪ ಹೆಂಗಸರನ್ನು ನೋಡಿದ, ಟೆಂಪೋ ಹಿಂದಿನ ಬೀಡಿ ಹೊಗೆ ನೋಡಿದ, ಕೊನೆಗೆ ನರ್ಸಮ್ಮನನ್ನು ನೋಡಿ ಹೂಂ ಎಂದ. ಆಕೆ ಬೀರು ತೆಗೆದು ಕಾಪರ್-ಟಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಈಗಷ್ಟ ಬಂತು ನೋಡು, ಸ್ಟಾಕು."

ಹೊರಗಿಂದ ಯಾರೂ ಬಂದಿರಲಿಲ್ಲ. ಬಾಗಿಲಿಗೆ ಅಡ್ಡ ನಾವೇ ಕೂತಿದ್ದೆವು.