ದುಂಡವ್ವನ ಮಾದಲಿ, ಹಡಗಿನ ಅಳಿಯ

ಮನೆಯಲ್ಲಿ ಕಾರ್ಯ ಇಟ್ಟುಕೊಂಡಾಗಲೇ ಹೊಟ್ಟೆ ಕೆಡಬೇಕೆ? ದಡ್ಡಿ ಎಂಬ ಊರಿನ ದುಂಡವ್ವನಿಗೆ ಆದದ್ದು ಅದೇ. ನಾಳೆ ಮಗಳು ವಿಜಯಲಕ್ಷ್ಮಿಯ ಕುಬಸ, ಅಂದರೆ ಸೀಮಂತ. ಬಸುರಿ ಮಗಳು ಗಂಡನ ಜೊತೆ ಕೊಣ್ಣೂರಿನಿಂದ ತವರಿಗೆ ಬಂದಿದ್ದಾಳೆ. ಬೀಗರು ಬರುವವರಿದ್ದಾರೆ, ಓಣಿಯ ಮುತ್ತೈದೆಯರೆಲ್ಲ ಬರುವವರಿದ್ದಾರೆ. ಇಂಥ ಹೊತ್ತಿನಲ್ಲಿ ದುಂಡವ್ವ ನಸುಕಿನಿಂದ ಚಂಬು ಹಿಡಿದು ಹಿತ್ತಲ ಸಂಡಾಸಕ್ಕೆ ಓಡಾಡುತ್ತಿದ್ದಳು. ವಾಂತಿಯೂ ಆಗಿತ್ತು.

ಆದರೆ ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಮಾದಲಿ ಯಾರು ಮಾಡಬೇಕು? ಗೋಧಿ ರೊಟ್ಟಿ ಬೇಯಿಸಿ, ಕುಟ್ಟಿ ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ ಹಾಕಿ ಕೈಯಿಂದ ತಿಕ್ಕಿ ತಿಕ್ಕಿ ಕಲಸುವ ಮಾದಲಿಯಲ್ಲಿ ದುಂಡವ್ವನನ್ನು ಸರಿಗಟ್ಟುವವರು ಸುತ್ತಮುತ್ತ ಇಲ್ಲ ಎಂದು ಊರವರು ಹೇಳುತ್ತಿದ್ದರು. ದುಂಡವ್ವನೂ ಆ ಮಾತನ್ನು ಎಂದೂ ಅಲ್ಲಗಳೆದವಳಲ್ಲ. ಮೇಲಾಗಿ ಕುಬಸದ ದಿನ ಬಸುರಿಯ ಬಾಯಿಗೆ ಮಾದಲಿಯ ಮೊದಲ ತುತ್ತನ್ನು ಹೆತ್ತವಳೇ ಇಡಬೇಕೆಂಬುದು ಅವರ ಮನೆತನದ ರೂಢಿ.

ಹಿತ್ತಲ ಬಕೀಟಿನಲ್ಲಿ ಕೈ ಅದ್ದಿದಳು, ಬೂದಿ ತಿಕ್ಕಿದಳು, ಮತ್ತೆ ಅದೇ ಬಕೀಟಿನಲ್ಲಿ ಅದ್ದಿ ತೆಗೆದಳು. ಬೀರದೇವರ ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಅಂಗೈಗೂ ಒಂದಿಷ್ಟು ಸವರಿಕೊಂಡಳು. ದೇವರ ಅರಿಷಿಣ ಮುಟ್ಟಿದ ಕೈ, ಇನ್ನೇನು ಭಯ ಎಂದು ಪರಾತದ ಮುಂದೆ ಕುಳಿತಳು. ಬಿಸಿಲೇರುವಷ್ಟರಲ್ಲಿ ಪರಾತ ತುಂಬ ಮಾದಲಿ ಸಿದ್ಧ. ಕುರಿ ಹೊಡೆದುಕೊಂಡು ಹೊರಟಿದ್ದ ಗಂಡ ಲಗಮಪ್ಪನ ಕೈಗೆ ರುಚಿ ನೋಡಲೆಂದು ಒಂದು ಮುಷ್ಟಿ ಕೊಟ್ಟಳು.

"ಬಾಯಾಗ ಇಟ್ರ ಕರಗತೈತಿ," ಎಂದು ಅವನು ಅಂಗೈ ನೆಕ್ಕಿಕೊಳ್ಳುತ್ತ ಹೋದ.

ಇದನ್ನೆಲ್ಲ ಅಳಿಯ ಅಶೋಕ ಪಡಸಾಲೆಯಿಂದ ನೋಡುತ್ತಿದ್ದ. ಅವನು ದೇಶ ದೇಶ ಸುತ್ತುವ ಪ್ರವಾಸಿಗರ ಹಡಗಿನಲ್ಲಿ ಅಡುಗೆ ಮನೆಯ ಕೆಲಸಗಾರ, ರಜೆ ಹಾಕಿ ಬಂದಿದ್ದ. ಅತ್ತೆಗೆ ಎದುರು ಮಾತಾಡಲು ಅಳಿಯನಿಗೆ ಸಂಕೋಚ. ಅತ್ತೆಯ ಹೊಟ್ಟೆಯ ಸುದ್ದಿ ಎತ್ತುವುದಂತೂ ಬೇಡವೇ ಬೇಡ. ಕೆಮ್ಮಿದ, ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ, ಕೊನೆಗೆ ಕೇಳಿಯೇ ಬಿಟ್ಟ.

"ಅತ್ತಿ, ನಿಮಗ ಆರಾಮ ಇಲ್ಲೇನ್ರಿ?"

"ನನಗೇನಾಗೈತ್ರಿ ಅಳಿಯಾರ? ಬರೇ ಪಿತ್ತ. ಮೊನ್ನಿ ಹತ್ತರಗಿ ಊರಾಗ ಕೂಸಿನ ಕೂದಲಾ ತಗಸೂ ಜಾವಳದಾಗ ಒಂದೀಟ ಜಾಸ್ತಿ ಉಂಡೆ."

"ಪಿತ್ತ ಅಲ್ರಿ. ಆ ಜಾವಳಕ್ಕ ಹೋಗಿದ್ದ ನಮ್ಮ ಗೆಳೆಯಾ ಉದ್ದಪ್ಪ ಈಗ ಫೋನ್ ಮಾಡಿದ್ದ. ಅಲ್ಲಿ ಉಂಡವ್ರಿಗೆ ಮನಿಮನಿಗೂ ವಾಂತಿ, ಜುಲಾಬು ಹತ್ತೈತಂತ. ಇದು ಒಬ್ಬರಿಂದ ಒಬ್ಬರಿಗೆ ಹರಡೂ ರೋಗ. ಸಿಟ್ಟಾಗಬ್ಯಾಡ್ರಿ, ಈ ಮಾದಲಿ ನಾಳೆ ಬಡಸೂದು ಬ್ಯಾಡ."

ದುಂಡವ್ವನ ಮುಖ ಕೆಂಪೇರಿತು. ಅಳಿಯನನ್ನು ಬೈಯುವಂತಿಲ್ಲ. ಹಾಗಾಗಿ ಮಗಳ ಕಡೆ ತಿರುಗಿ ಬೈದಳು.

"ಕೇಳಿದ್ಯಾ ವಿಜಯಾ? ನಿನ್ನ ಯಜಮಾನ್ರು ಸಮುದ್ರ ನೋಡಿ ಬಂದಾರಲ್ಲ, ನಮ್ಮ ಅಡಗಿ ಹೊಲಸ ಕಾಣಾಕತ್ತೈತಿ! ಇಷ್ಟ ವರ್ಷ ನನ್ನ ಕೈಯಾಗ ಉಂಡವ್ರು ಯಾರ ಸತ್ತಾರ?"

ಅಶೋಕ ನಕ್ಕು ಅಲ್ಲೇ ಹೊಸ್ತಿಲ ಹತ್ತಿರ ಕುಳಿತ. "ಹೊಲಸ ಅನ್ನಲಿಲ್ರಿ ಅತ್ತಿ. ಹೋದ ಸರ್ತಿ ಹಡಗಿನ್ಯಾಗ ನನಗೂ ಹಿಂಗ ಆಗಿತ್ತು. ವಾಂತಿ ನಿಂತ ಕೂಡ್ಲೇ ಕೆಲಸಕ್ಕ ಹೋದೆ. ದೊಡ್ಡ ಬಾಣಸಿಗ ಬಾಗಲಾಗ ತಡದು ಹೊಳ್ಳಿ ಕಳಿಸಿದಾ. ವಾಂತಿ, ಜುಲಾಬು ಪೂರಾ ನಿಂತು, ಮ್ಯಾಲ ಎರಡು ದಿವಸ ಕಳಿಯೂತನಕ ಖೋಲಿ ಬಿಟ್ಟು ಬರಬ್ಯಾಡ ಅಂದಾ."

"ಅಯ್ಯ ಶಿವನ! ಕಳ್ಳನ್ನ ಕೂಡಿ ಹಾಕಿದಂಗ?"

"ನನಗೂ ಹಂಗ ಅನಿಸಿತ್ರಿ. ಅವಮಾನ ಆದಂಗ ಆತು. ಆದ್ರ ಹಡಗ ಅಂದ್ರ ನೀರ ಮ್ಯಾಲಿನ ಒಂದು ಊರು. ಸಾವಿರಾರು ಮಂದಿ ಒಂದ ಕಡೆ ಉಣ್ತಾರ, ಬಡಸೂ ಸೌಟು ಕೈಯಿಂದ ಕೈಗೆ ಹೋಗತೈತಿ. ಅದಕ್ಕೂ ಮೊದಲ ಒಬ್ಬಾಂವ ಹೊಟ್ಟಿ ಕೆಟ್ಟಿದ್ದು ಮುಚ್ಚಿಟ್ಟು ಅಡಗಿ ಮಾಡಿದ್ದ. ನೋಡನೋಡತ ಮಂದಿ ಮಲಗಿಬಿಟ್ರು. ದೊಡ್ಡ ದವಾಖಾನಿಗೆ ಒಯ್ಯೋಣು ಅಂದ್ರ ಸುತ್ತಾ ಸಮುದ್ರ. ನಿಮ್ಮ ವಯಸ್ಸಿನ ಒಬ್ಬಾಕಿ ಉಳದದ್ದ ಹೆಚ್ಚು."

ದುಂಡವ್ವನ ದನಿ ಸ್ವಲ್ಪ ಇಳಿಯಿತು. "ಆದ್ರ ನಾ ಬೂದಿ ತಿಕ್ಕಿ ತೊಳದೇನಲ್ರಿ? ಭಂಡಾರಾನೂ ಹಚ್ಚೇನಿ."

"ಭಂಡಾರ ಹಣಿಗಿರ್ಲಿ ಅತ್ತಿ, ಕೈಗೆ ಸಬಕಾರ ಬೇಕು. ನೀವು ಅದ್ದಿದ ಬಕೀಟಿನ್ಯಾಗ ಆ ರೋಗದ ಹುಳ ಉಳದಿರತಾವ. ಮತ್ತ ಅದರಾಗ ಅದ್ದಿದ್ರ ಮತ್ತ ಕೈಗೆ ಬರ್ತಾವ. ಮ್ಯಾಲಿಂದ ನೀರ ಸುರವಿ, ಉಗರ ಸಂದಿತನಕ ತಿಕ್ಕಿ ತೊಳೀಬೇಕು. ಕೊರೊನಾದಾಗ ಹಚಗೋತಿದ್ವಲ್ಲ ಸ್ಯಾನಿಟೈಸರ್, ಅದಕ್ಕೂ ಈ ಹುಳ ಬಗ್ಗಾಂಗಿಲ್ಲ. ಹುಗ್ಗಿ ಆದ್ರ ಒಲಿ ಮ್ಯಾಲ ಕುದೀತೈತಿ. ಮಾದಲಿ ಕಲಸಿದ ಮ್ಯಾಲ ಮತ್ತ ಬೆಂಕಿ ಕಾಣಾಂಗಿಲ್ಲ. ಕೈಯಾಗಿಂದು ನೆಟ್ಟಗ ಬಾಯಿಗೆ."

ದುಂಡವ್ವ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. ಮನಸ್ಸು ಒಪ್ಪಲಿಲ್ಲ. ತುಂಬಿದ ಪರಾತವನ್ನು ಚೆಲ್ಲುವುದೆಂದರೇನು? ಬೀಗರ ಮುಂದೆ ಮರ್ಯಾದೆ ಏನಾಗಬೇಕು?

ಬಸುರಿಯ ಬಾಯಿಚಪಲ ಕೇಳಬೇಕೆ! ಇವರ ವಾದದ ನಡುವೆ ವಿಜಯಲಕ್ಷ್ಮಿ ಪರಾತಕ್ಕೆ ಕೈ ಹಾಕಿ ಒಂದು ತುತ್ತು ಎತ್ತಿಯೇ ಬಿಟ್ಟಳು. "ಒಂದೀಟ ತಿಂದ್ರ ಏನಾಗತೈತಿ ಬಿಡ್ರಿ," ಎಂದು ಬಾಯಿ ತೆರೆದಳು.

ದುಂಡವ್ವ ಗಪ್ಪನೆ ಅವಳ ಮುಂಗೈ ಹಿಡಿದಳು. ಮಾದಲಿ ನೆಲಕ್ಕೆ ಬಿತ್ತು.

"ಬ್ಯಾಡವ್ವಾ! ಹೋಗು, ಮೊದಲ ಸಬಕಾರ ಹಚ್ಚಿ ಕೈ ತೊಳಕೋ!"

ಅಂದಳು, ಅಂದ ಮೇಲೆ ಗೋಡೆಗೊರಗಿ ಅತ್ತಳು. ತನಗೆ ಬಂದ ವಾಂತಿಯನ್ನು ತಡೆದುಕೊಳ್ಳಬಹುದು. ಮಗಳಿಗೆ ಬಂದು, ಮೈಯ ನೀರೆಲ್ಲ ಹೋಗಿ, ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದರೆ? ಇಷ್ಟು ಹೊತ್ತು ಜಂಬಪಟ್ಟ ಕೈಯನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು. ಅಶೋಕ ತಿಪ್ಪೆಯ ಬಾಜೂ ಗುಂಡಿ ತೋಡಿ, ಮಾದಲಿಯನ್ನು ಹಾಕಿ ಮಣ್ಣು ಮುಚ್ಚಿದ. ಪರಾತವನ್ನು ಕುದಿಯುವ ನೀರಿನಲ್ಲಿ ತೊಳೆದ. ಸಂಡಾಸಕ್ಕೆ ಬ್ಲೀಚಿಂಗ್ ಪುಡಿ ಹಾಕಿಸಿದ. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ ತಂದುಕೊಟ್ಟು, ಕಾಯಿಸಿ ಆರಿಸಿದ ನೀರಿನಲ್ಲಿ ಬೆರೆಸಿ ಗುಟುಕು ಗುಟುಕಾಗಿ ಕುಡಿಯಲು ಹೇಳಿ ಹೋದಳು.

ಕುಬಸಕ್ಕೆ ಬಾಜೂ ಮನೆಯಲ್ಲಿದ್ದ ದುಂಡವ್ವನ ನೆಗೆಣ್ಣಿ ಭರಮವ್ವ ಗೋಧಿ ಹುಗ್ಗಿ ಮಾಡಿದಳು. ಅಂಗಳದಲ್ಲಿ ನಳದ ಬುಡಕ್ಕೆ ಸಬಕಾರ ಇಟ್ಟಿದ್ದರು. ಬೀಗರಿರಲಿ, ಬಿಜ್ಜರಿರಲಿ, ಕೈ ತೊಳೆಯದೆ ಯಾರಿಗೂ ತಾಟು ಸಿಗಲಿಲ್ಲ. ಬಡಿಸುವವರು ಮಾತ್ರ ಸೌಟು ಮುಟ್ಟಿದರು. ಹಿತ್ತಲ ಕೋಣೆಯಲ್ಲಿ ಮಲಗಿದ್ದ ದುಂಡವ್ವನಿಗೆ ಸೋಬಾನೆ ಹಾಡು ಕೇಳುತ್ತಿತ್ತು. ಭರಮವ್ವನ ಹುಗ್ಗಿ ತುಸು ತಳ ಹಿಡಿದಿದೆ ಎಂಬುದನ್ನು ಅವಳು ಅಲ್ಲಿಂದಲೇ ವಾಸನೆಯಲ್ಲಿ ಕಂಡುಹಿಡಿದಳು. ಮಗಳಿಗೆ ಮೊದಲ ತುತ್ತನ್ನು ಭರಮವ್ವ ಇಟ್ಟಳೆಂದು ಹೊರಗಿನ ಮಾತಿನಿಂದ ತಿಳಿದಾಗ ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಮರುದಿನ ನಸುಕಿನಲ್ಲಿ ಚಂಬು ಹಿಡಿದು ಹಿತ್ತಲಿಗೆ ಓಡಿದವನು ಲಗಮಪ್ಪ. ಆ ಮಾದಲಿ ತಿಂದವನು ಮನೆಯಲ್ಲಿ ಅವನೊಬ್ಬನೇ. ಅವನೂ ಓಆರ್‌ಎಸ್ ಕುಡಿದು ಚೇತರಿಸಿಕೊಂಡ. ಮಗಳು ಆರಾಮಾಗಿದ್ದಳು. ಕುಬಸಕ್ಕೆ ಬಂದ ಒಬ್ಬರಿಗೂ ಏನೂ ಆಗಲಿಲ್ಲ.

ದುಂಡವ್ವನಿಗೆ ಎಲ್ಲ ತಿಳಿಯಿತು. ಅಳಿಯನನ್ನು ಕರೆಸಿ, ಬಾಗಿಲ ಮರೆಯಲ್ಲಿ ನಿಂತು ಹೇಳಿದಳು.

"ಅಳಿಯಾರ, ನನ್ನ ಕೈಯಾರೆ ನನ್ನ ಮಗಳಿಗೆ..." ಕಣ್ಣೊರೆಸಿಕೊಂಡು ಅಂದಳು, "ನಿಮ್ಮನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ."

"ನೀವು ಆಕಿ ಕೈ ಹಿಡೀಲಿಲ್ಲಂದ್ರ ನಾ ಹೇಳಿದ್ದು ಹೇಳಿದಲ್ಲೇ ಉಳೀತಿತ್ರಿ ಅತ್ತಿ," ಎಂದ ಅಶೋಕ. ಅವನ ಕಣ್ಣೂ ತುಂಬಿತ್ತು.

ಪೂರ್ತಿ ಗುಣವಾಗಿ, ಮೇಲೆ ಎರಡು ದಿನ ಕಳೆದ ಮೇಲೆ ದುಂಡವ್ವ ಸಬಕಾರ ಹಚ್ಚಿ ಕೈ ತೊಳೆದು ಹೊಸದಾಗಿ ಮಾದಲಿ ಕಲಸಿದಳು. ಮಗಳ ಬಾಯಿಗೆ ತುತ್ತಿಟ್ಟಳು. ಅದು ಮೊದಲ ತುತ್ತಲ್ಲವೆಂದು ಅವಳೂ ಎಣಿಸಲಿಲ್ಲ, ಮಗಳೂ ಎಣಿಸಲಿಲ್ಲ.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಹಡಗಾಗಲಿ, ಹಳ್ಳಿಯಾಗಲಿ, ಹತ್ತು ಜನ ಕೂಡಿ ಉಣ್ಣುವ ಕಡೆ ರೋಗಕ್ಕೂ ಎಲೆ ಹಾಕಿದಂತೆಯೇ. ಸಂಡಾಸಕ್ಕೆ ಹೋಗಿ ಬಂದ ಮೇಲೆ, ಅಡುಗೆಗೆ ಮೊದಲು, ಊಟಕ್ಕೆ ಮೊದಲು ಸುರಿಯುವ ನೀರಿನಲ್ಲಿ ಸಬಕಾರ ಹಚ್ಚಿ ಕೈ ತೊಳೆಯಿರಿ. ವಾಂತಿ-ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ಸುಸ್ತು ಹೆಚ್ಚಾದರೆ, ಮೂತ್ರ ಕಡಿಮೆಯಾದರೆ, ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಸುರಿಯರು, ಮಕ್ಕಳು, ಮುದುಕರು ಇದ್ದರಂತೂ ಕಾಯಲೇಬೇಡಿ. ಹೊಟ್ಟೆ ಕೆಟ್ಟಿದೆ ಎಂದು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ, ಮುಚ್ಚಿಟ್ಟು ಅಡುಗೆಗೆ ಕೂರಬೇಡಿ. ನಿಮ್ಮ ಕೈರುಚಿಗೆ ಆಸೆಪಡುವವರು ಎರಡು ದಿನ ಕಾಯುತ್ತಾರೆ. ಕಾಯಲು ಅವರು ಆರೋಗ್ಯವಾಗಿರಲಿ.